ಬಾಗಿಲು ಹಾಕಿಕೊಂಡ ಬಸವನಹುಳು

ಒಂದು ಹೊಳೆ ಇತ್ತಂತೆ. ಆ ಹೊಳೆ ಕಡಲು ಸೇರುವ ಕಡೆ, ಸಿಹಿನೀರೂ ಉಪ್ಪುನೀರೂ ಸುತ್ತುವರಿದ ಒಂದು ತುಂಡು ನೆಲ ಇತ್ತಂತೆ. ಅಂಥ ನೆಲಕ್ಕೆ ಆ ಕಡೆಯವರು ಕುದ್ರು ಎನ್ನುತ್ತಾರೆ. ಯಾವ ಕಾಲ ಎಂದು ಕೇಳಬೇಡಿ. ನನಗೆ ಹೇಳಿದವರು ಅದನ್ನು ಹೇಳಲಿಲ್ಲ, ಹೇಳದೆಯೂ ಕಥೆ ಚೆನ್ನಾಗಿಯೇ ನಡೆಯಿತು.

ಆ ಕುದ್ರುವಿನಲ್ಲಿ ಬಸವನಹುಳುಗಳಿದ್ದವಂತೆ. ಬಸವನಹುಳು ಎಲ್ಲ ಊರಿನಲ್ಲೂ ಇದೆ, ಅದರಲ್ಲೇನು ವಿಶೇಷ ಎನ್ನಬಹುದು. ವಿಶೇಷ ಇದೆ. ಬೇರೆ ಊರಿನ ಹುಳುವಿನ ಚಿಪ್ಪು ಬಲಕ್ಕೆ ಸುತ್ತಿದ್ದರೆ ಇವುಗಳದ್ದು ಎಡಕ್ಕೆ ಸುತ್ತಿತ್ತು. ಬಣ್ಣ ಮಾಗಿದ ಹಲಸಿನ ತೊಳೆಯದು. ಅದರ ಮೇಲೆ ಕುಂಕುಮದ ಕಡ್ಡಿಯಿಂದ ಎಳೆದಂತೆ ಒಂದೇ ಒಂದು ಕೆಂಪು ಗೆರೆ. ಆ ಕುದ್ರು ಬಿಟ್ಟರೆ ಭೂಮಂಡಲದಲ್ಲಿ ಬೇರೆಲ್ಲೂ ಆ ಜಾತಿ ಇರಲಿಲ್ಲ. ಚಂದ ಕಂಡು ದೋಣಿಯಲ್ಲಿ ಒಯ್ದವರಿದ್ದರು. ಆಚೆ ದಡದಲ್ಲಿ ಅವು ಎರಡು ದಿನ ಬಾಳಲಿಲ್ಲವಂತೆ. ಹಾಗಾಗಿ ಊರಿಗೇ ಎಡಮುರಿ ಕುದ್ರು ಎಂದು ಹೆಸರಾಯಿತು.

ಕುದ್ರುವಿನವರು ಅದನ್ನು ಹುಳು ಎನ್ನುತ್ತಿರಲಿಲ್ಲ, ಯಜಮಾನರು ಎನ್ನುತ್ತಿದ್ದರು. ಏಕೆಂದರೆ ಆ ಊರಿನ ಜಗಳಗಳನ್ನೆಲ್ಲ ತೀರ್ಮಾನ ಮಾಡುತ್ತಿದ್ದವರು ಅವರೇ.

ಕ್ರಮ ಹೀಗಿತ್ತು. ಊರ ನಡುವಿನ ಹೊನ್ನೆ ಮರದ ಕೆಳಗೆ ಹಳೆಯ ದೋಣಿಯ ಉದ್ದನೆಯ ಹಲಗೆಯೊಂದನ್ನು ಹಾಸುತ್ತಿದ್ದರು. ಹಲಗೆಯ ಈ ತುದಿಗೆ ಒಂದು ಮಣೆ, ಆ ತುದಿಗೆ ಒಂದು ಮಣೆ. ಜಗಳ ಆಡಿದವರು ಎದುರುಬದುರು ಕೂರಬೇಕು. ನಡುವೆ ಒಬ್ಬ ಯಜಮಾನರನ್ನು ತಂದು ಬಿಡಬೇಕು. ಅವರು ಹರಿದು ಯಾರ ತುದಿ ಮುಟ್ಟುತ್ತಾರೋ ಗೆಲುವು ಅವರದ್ದು. ಮುಟ್ಟುವವರೆಗೆ ಇಬ್ಬರೂ ಮಣೆ ಬಿಟ್ಟು ಏಳುವಂತಿಲ್ಲ. ಎದ್ದವರು ಸೋತರು. ನಿಮ್ಮ ತುದಿಯಲ್ಲಿ ಅವರಿಗೆ ಇಷ್ಟವಾದ ಸೊಪ್ಪು ಇಟ್ಟುಕೊಳ್ಳಬಹುದು, ಅದಕ್ಕೆ ಅಡ್ಡಿ ಇಲ್ಲ. ಯಜಮಾನರು ಹೊರಟು ಮುಟ್ಟುವ ಹೊತ್ತಿಗೆ ಅರ್ಧ ಜಗಳಗಳು ಜಗಳ ಆಡಿದವರಿಗೇ ಮರೆತು ಹೋಗುತ್ತಿದ್ದವಂತೆ.

ಆ ಊರಿನಲ್ಲಿ ತುಂಗಕ್ಕ ಎಂಬವಳೊಬ್ಬಳು ಇದ್ದಳು. ತೆಂಗಿನ ನಾರಿನಿಂದ ಹಗ್ಗ ಹೊಸೆಯುವ ಹೆಂಗಸು. ಹಗ್ಗ ಹೊಸೆಯುವುದೆಂದರೆ ನಾರು ಬಿಡುತ್ತಾ ಬಿಡುತ್ತಾ ಹಿಂದೆ ಹಿಂದೆ ನಡೆಯುವ ಕೆಲಸ. ಬೆಳಗಿನಿಂದ ಸಂಜೆಯವರೆಗೆ ನಡೆದು ನಡೆದು ಅವಳಿಗೆ ಕೂರುವುದೇ ಬರುತ್ತಿರಲಿಲ್ಲ. ಊಟವನ್ನೂ ಬಾಗಿಲಿಗೆ ಒರಗಿ ನಿಂತು ಮಾಡುವವಳು. ಹೀಗಿದ್ದವಳು ವ್ಯಾಜ್ಯದ ಮಣೆಯ ಮೇಲೆ ಕೂತು ಉಳಿಯುವುದುಂಟೆ? ತನ್ನದೇ ತೆಂಗಿನ ಮರಕ್ಕಾಗಿ ಒಮ್ಮೆ ಕೂತಳು. ಒಲೆಯ ಮೇಲೆ ಅನ್ನ ಉಕ್ಕಿತು, ಎದ್ದಳು, ಮರ ಹೋಯಿತು. ತನ್ನದೇ ಕೋಳಿಗಾಗಿ ಕೂತಳು. ಒಣಹಾಕಿದ ಮೀನಿಗೆ ಕಾಗೆ ಬಂತು, ಎದ್ದಳು, ಕೋಳಿ ಹೋಯಿತು. ನಾರು ನೆನೆಹಾಕುವ ಜಾಗಕ್ಕಾಗಿ ಕೂತಳು. ಹಿಂದಿನ ದಾರಿಯಲ್ಲಿ ಯಾರೋ ಹೊಸ ಸೀರೆ ಉಟ್ಟು ಹೋದರು, ಅಂಚು ನೋಡಲು ಎದ್ದಳು, ಜಾಗವೂ ಹೋಯಿತು. ಒಂದು ವ್ಯಾಜ್ಯವನ್ನೂ ಗೆದ್ದವಳಲ್ಲ. ಆದರೂ ಬಾಯಿ ಮಾತ್ರ ಎಲ್ಲವನ್ನೂ ಗೆದ್ದವಳದ್ದು.

ಆಚೆ ದಡದಲ್ಲಿ ಒಬ್ಬ ಅರಸು. ಅವನನ್ನು ಜನ ಅವಸರದ ಅರಸು ಎನ್ನುತ್ತಿದ್ದರಂತೆ. ಎದುರಿಗೇ ಹಾಗೆ ಕರೆಯುತ್ತಿದ್ದರು, ಅವನು ಅದನ್ನು ಕೇಳಿಸಿಕೊಳ್ಳುವಷ್ಟು ಹೊತ್ತು ನಿಲ್ಲುತ್ತಿರಲಿಲ್ಲ. ಮೀಸೆ ಒಂದು ಬದಿ ತೀಡುವಷ್ಟರಲ್ಲಿ ಸಭೆಗೆ ಹೊರಡುವನು. ದೂರು ಹೇಳಲು ಬಂದವನು ಕೈಮುಗಿಯುವಷ್ಟರಲ್ಲಿ ತೀರ್ಪು ಕೊಟ್ಟು ಮುಗಿಸುವನು. ಅಂಥ ಅರಸನಿಗೆ ಅವನ ಮಂತ್ರಿ ಒಂದು ದಿನ ಹೇಳಿದನಂತೆ: ಎಡಮುರಿ ಕುದ್ರು ಕಡಲಿಗೆ ಹತ್ತಿರ, ನೆಲ ಸಮತಟ್ಟು, ಬಿಸಿಲು ಧಾರಾಳ. ಗಿಡಮರ ಕಡಿದು ಪಾತಿ ಕಟ್ಟಿ ಉಪ್ಪುನೀರು ನಿಲ್ಲಿಸಿದರೆ ಇಡೀ ರಾಜ್ಯಕ್ಕೆ ಬೇಕಾದ ಉಪ್ಪು ಅಲ್ಲೇ ಬೆಳೆಯಬಹುದು. ಅರಸು ಆಗಲಿ ಎಂದ. ಎಂದವನೇ ದೋಣಿ ಹತ್ತಿದ.

ಕುದ್ರುವಿನವರಿಗೆ ಎದೆ ಒಡೆಯಿತು. ಉಪ್ಪು ಬಿದ್ದರೆ ಬಸವನಹುಳು ಕರಗಿ ಹೋಗುತ್ತದೆ, ಅದು ನಿಮಗೂ ಗೊತ್ತು. ಊರೇ ಉಪ್ಪಾದರೆ ಯಜಮಾನರು ಎಲ್ಲಿ ಹೋಗಬೇಕು? ಬೇರೆ ದಡ ಅವರಿಗೆ ಆಗುವುದಿಲ್ಲ. ಜನ ಎಲ್ಲಿ ಹೋಗಬೇಕು? ಊರಿನ ಹಿರಿಯ ಕೊಗ್ಗಣ್ಣ ಮುಂದೆ ಬಂದು ಎರಡೂ ಕೈ ಜೋಡಿಸಿ, ನಿಧಾನವಾಗಿ, ಒಂದೊಂದೇ ಮಾತು ಹುಡುಕಿ ಬಿನ್ನಹ ಮಾಡತೊಡಗಿದ. ಅವನು ಒಡೆಯರಿಗೆ ನಮಸ್ಕಾರ ಎಂಬಲ್ಲಿಗೆ ಬರುವಾಗ ಅರಸು ಸೊಪ್ಪಿನ ಪಾತಿಯನ್ನೆಲ್ಲ ತುಳಿದು ಕುದ್ರುವಿಗೆ ಒಂದು ಸುತ್ತು ಹಾಕಿ ಬಂದಿದ್ದ.

ಆಗ ತುಂಗಕ್ಕನ ಬಾಯಿ ಸುಮ್ಮನಿರಲಿಲ್ಲ.

"ಒಡೆಯಾ, ಈ ಊರಿನಲ್ಲಿ ನೆಲದ ವ್ಯಾಜ್ಯ ಹೀಗೆ ನಿಂತುಕೊಂಡು ಮುಗಿಯುವುದಿಲ್ಲ. ಮಣೆಯ ಮೇಲೆ ಕೂತು ಮುಗಿಯಬೇಕು. ನಿಮ್ಮ ಅಜ್ಜ ಇಲ್ಲಿಯೇ ಕೂತಿದ್ದರು. ನಿಮಗೆ ಕೂರಲು ಬರುವುದಿಲ್ಲವಾದರೆ ಬೇರೆ ಮಾತು."

ಅರಸನಿಗೆ ರೋಷ ಬಂತು. ತನಗೆ ಬಾರದ್ದು ಯಾವುದೂ ಇಲ್ಲ, ಮಣೆ ತರಲಿ ಎಂದ. ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೇಳಿದ. ಕೊಗ್ಗಣ್ಣ ಯೋಚಿಸಿ, ಹೆಚ್ಚಿಲ್ಲ, ಒಂದು ಎಲೆಅಡಿಕೆ ಹಾಕಿ ಮುಗಿಸುವಷ್ಟು ಎಂದ. ಸುಳ್ಳು ಹೇಳಲಿಲ್ಲ ಪಾಪ. ಕೊಗ್ಗಣ್ಣ ಬೆಳಿಗ್ಗೆ ಬಾಯಿಗೆ ಹಾಕಿದ ಎಲೆಅಡಿಕೆಯನ್ನು ಹೊತ್ತು ಇಳಿದ ಮೇಲೆ ಉಗುಳುವವನು.

ಊರಿನವರು ಒಳಗೊಳಗೇ ಖುಷಿಪಟ್ಟರು. ಕೊಗ್ಗಣ್ಣ ಕೂತರೆ ಗೆಲುವು ನಮ್ಮದೇ. ಅವನು ಕೂತಲ್ಲಿ ಬಳ್ಳಿ ಹಬ್ಬಬೇಕು. ಆದರೆ ಕ್ರಮ ಎಂಬುದೊಂದು ಇದೆಯಲ್ಲ. ಯಜಮಾನರ ಹೆಸರು ಎತ್ತಿ ವ್ಯಾಜ್ಯಕ್ಕೆ ಕರೆದವರು ಯಾರೋ ಅವರೇ ಕೂರಬೇಕು. ಕರೆದವಳು ತುಂಗಕ್ಕ. ಅದು ನೆನಪಾದ ಕೂಡಲೇ ಊರಿನವರ ಮುಖ ಹಿಂಡಿದ ಹುಣಸೆಯಂತಾಯಿತು. ತುಂಗಕ್ಕನಿಗೂ ಆಗಲೇ ಹೊಳೆದದ್ದು. ಮಾತು ಆಡಿ ಆಗಿತ್ತು. ಸೆರಗು ಸಿಕ್ಕಿಸಿಕೊಂಡು ಮಣೆಯ ಮೇಲೆ ಕೂತಳು.

ಹೊನ್ನೆಯ ಬುಡದಿಂದ ಒಬ್ಬ ಯಜಮಾನರನ್ನು ಎಲೆಯ ಮೇಲೆ ತಂದು ಹಲಗೆಯ ನಡುವೆ ಬಿಟ್ಟರು. ಅರಸನ ಕಡೆ ಮಂತ್ರಿ ಎಳೆಯ ಬಸಳೆ ಸೊಪ್ಪಿನ ಗೋಪುರವನ್ನೇ ಕಟ್ಟಿದ. ತುಂಗಕ್ಕನ ಕಡೆ ಅವಳ ಹಿತ್ತಲಿನ ನಾಲ್ಕು ಹರಿವೆ ಎಲೆ. ಯಜಮಾನರು ಕೊಂಬು ಹೊರಗೆ ಹಾಕಿದರು. ಈ ಕಡೆ ನೋಡಿದರು, ಆ ಕಡೆ ನೋಡಿದರು. ನಂತರ ನಿಧಾನವಾಗಿ, ಬಹಳ ನಿಧಾನವಾಗಿ, ಹರಿವೆಯ ಕಡೆ ಹೊರಟರು.

ಮಂತ್ರಿಗೆ ಕಸಿವಿಸಿಯಾಯಿತು. ಹಲಗೆಯ ಮೇಲಿನ ಕಸ ತೆಗೆಯುವವನಂತೆ ಬಗ್ಗಿ, ಸೊಂಟದ ಚೀಲದಿಂದ ಒಂದು ಹಿಡಿ ಉಪ್ಪು ತೆಗೆದು, ತುಂಗಕ್ಕನ ತುದಿಗೆ ಅಡ್ಡಲಾಗಿ, ಹರಿವೆ ಎಲೆ ಮರೆಯಾಗುವಂತೆ, ಗೆರೆ ಎಳೆದ. ಯಾರೂ ನೋಡಲಿಲ್ಲ. ಎಲ್ಲರೂ ತುಂಗಕ್ಕ ಎಷ್ಟು ಹೊತ್ತಿಗೆ ಏಳುತ್ತಾಳೆ ಎಂದು ಅವಳನ್ನೇ ನೋಡುತ್ತಿದ್ದರು. ಹುಳು ಹೆದರಿ ಹಿಂದಿರುಗಿ ಬಸಳೆಯ ಕಡೆ ಬರುತ್ತದೆ ಎಂಬುದು ಅವನ ಲೆಕ್ಕ.

ಯಜಮಾನರು ಗೆರೆಯ ಹತ್ತಿರ ಬಂದರು. ಕೊಂಬು ಎಳೆದುಕೊಂಡರು. ಒಂದು ಗೇಣು ಹಿಂದೆ ಸರಿದು ನಿಂತರು. ಹಿಂದಿರುಗಲೂ ಇಲ್ಲ, ಮುಂದೆ ಹೋಗಲೂ ಇಲ್ಲ. ಮೈಯನ್ನೆಲ್ಲ ಚಿಪ್ಪಿನೊಳಗೆ ಸೇರಿಸಿದರು. ಆಮೇಲೆ ಚಿಪ್ಪಿನ ಬಾಯಿಗೆ ಹಪ್ಪಳದಂಥ ಬಿಳಿಯ ಪೊರೆಯೊಂದು ಮೂಡಿತು. ಬಾಗಿಲು ಮುಚ್ಚಿತು.

ಇದೇನು ಎಂದು ಅರಸು ಕೇಳಿದ. ಯಜಮಾನರು ಬಾಗಿಲು ಹಾಕಿಕೊಂಡರು ಎಂದ ಕೊಗ್ಗಣ್ಣ. ತೆಗೆಯುವುದು ಯಾವಾಗ ಎಂದು ಅರಸು ಕೇಳಿದ. ಸೆಕೆಗೆ ಹಾಕಿಕೊಂಡ ಬಾಗಿಲು ಮಳೆ ಬಿದ್ದ ಮೇಲೆಯೇ ತೆಗೆಯುವುದು ಎಂದ ಕೊಗ್ಗಣ್ಣ.

"ಮಳೆ ಯಾವಾಗ ಬರುತ್ತದೆ?"

"ನಮ್ಮನ್ನು ಕೇಳುತ್ತೀರಲ್ಲ ಒಡೆಯಾ," ಎಂದಳು ತುಂಗಕ್ಕ, "ರಾಜ್ಯ ನಿಮ್ಮದು, ಮಳೆಯೂ ನಿಮ್ಮದೇ ಇರಬೇಕು."

ಹೀಗೆ ಕೂತರು. ಸೂರ್ಯ ಹುಟ್ಟಿದ, ಮುಳುಗಿದ. ಮತ್ತೆ ಹುಟ್ಟಿದ, ಮತ್ತೆ ಮುಳುಗಿದ. ಊಟ ಮಣೆಗೇ ಬಂತು, ನಿದ್ದೆಯೂ ಮಣೆಯ ಮೇಲೆಯೇ. ಉಳಿದದ್ದಕ್ಕೆ ಆ ಊರಿನವರು ಮರೆ ಕಟ್ಟಿ ಮರ್ಯಾದೆಯಿಂದ ವ್ಯವಸ್ಥೆ ಮಾಡಿದ್ದರು. ಅದರ ಬಗ್ಗೆ ಕೇಳುವುದು ಒಳ್ಳೆಯ ಮನೆಯವರಿಗೆ ಶೋಭಿಸುವುದಿಲ್ಲ.

ಮಂತ್ರಿ ತುಂಗಕ್ಕನನ್ನು ಎಬ್ಬಿಸಲು ನೋಡಿದ. ಮೊದಲು ಒಬ್ಬನನ್ನು ಓಡೋಡಿ ಬರಮಾಡಿ, ನಿನ್ನ ಕೋಳಿಯನ್ನು ಮುಂಗುಸಿ ಹಿಡಿಯಿತು ಎಂದು ಕೂಗಿಸಿದ. ತುಂಗಕ್ಕನ ಮೊಣಕಾಲು ನೆಟ್ಟಗಾಯಿತು. ಊರಿನವರು ಕಣ್ಣು ಮುಚ್ಚಿಕೊಂಡರು.

"ಯಾವ ಕೋಳಿ?" ಎಂದಳು. "ಅದು ಹೋದ ವರ್ಷವೇ ವ್ಯಾಜ್ಯದಲ್ಲಿ ಹೋಯಿತಲ್ಲ. ಮುಂಗುಸಿ ಹಿಡಿದದ್ದು ಪಕ್ಕದ ಮನೆಯವಳದ್ದು. ಹಿಡಿಯಲಿ."

ಮತ್ತೆ ಅರಮನೆಯಿಂದ ಹೆಂಗಸರನ್ನು ಕರೆಸಿ, ಪಟ್ಟೆ ಸೀರೆ ಉಡಿಸಿ, ಅವಳ ಬೆನ್ನ ಹಿಂದಿನ ದಾರಿಯಲ್ಲಿ ಓಡಾಡಿಸಿದ. ಸೀರೆಯ ಸರಬರ ಸದ್ದು ಕೇಳಿ ತುಂಗಕ್ಕನಿಗೆ ತಡೆಯಲಾಗಲಿಲ್ಲ. ಆದರೆ ಎದುರಿಗೆ ಅರಸು ಕೂತಿದ್ದನಲ್ಲ, ಅವನಿಗೆ ಎಲ್ಲ ಕಾಣುತ್ತಿತ್ತು.

"ಒಡೆಯಾ, ಅಂಚು ಯಾವ ಬಣ್ಣ?"

"ಸೀರೆಯ ಬಣ್ಣ."

"ಸೀರೆಗೊಂದು ಬಣ್ಣ ಇರುತ್ತದೆ, ಅಂಚಿಗೊಂದು ಬಣ್ಣ ಇರುತ್ತದೆ. ಸರಿಯಾಗಿ ನೋಡಿ ಹೇಳಿ."

ಅರಸು ಹುಟ್ಟಿದ ಮೇಲೆ ಮೊದಲ ಬಾರಿ ಸೀರೆಯ ಅಂಚನ್ನು ನೋಡಿದ. ಹಸಿರು ಎಂದ. ಎಂಥ ಹಸಿರು, ಗಿಳಿಯದ್ದೋ ಮಾವಿನೆಲೆಯದ್ದೋ ಎಂದು ಅವಳು ಕೇಳಿದಳು. ಅವನು ಮತ್ತೆ ನೋಡಿದ. ಆ ಹೆಂಗಸರು ಹೊತ್ತು ಏರುವವರೆಗೆ ತಿರುಗಿ ತಿರುಗಿ ದಣಿದರು. ತುಂಗಕ್ಕ ಕೂತಲ್ಲಿಯೇ ಎಲ್ಲ ಸೀರೆಯನ್ನೂ ನೋಡಿ ಮುಗಿಸಿದಳು.

ಕೊನೆಗೆ ಮಂತ್ರಿ ಅವಳ ಒಲೆಗೆ ಕಟ್ಟಿಗೆ ತುರುಕಿಸಿದ. ಅನ್ನ ಉಕ್ಕಿ ಕೆಂಡಕ್ಕೆ ಬಿದ್ದು ವಾಸನೆ ಹೊನ್ನೆ ಮರದವರೆಗೆ ಬಂತು. ತುಂಗಕ್ಕ ಮೂಗು ಅರಳಿಸಿದಳು, ಮಣೆಯ ಎರಡು ಬದಿಯನ್ನೂ ಹಿಡಿದುಕೊಂಡಳು.

"ಮಂತ್ರಿಗಳೇ, ಮಾರಾಯರೇ, ಇಲ್ಲಿ ಕೆಲಸವಿಲ್ಲದೆ ನಿಂತವರು ನೀವೊಬ್ಬರೇ. ಸ್ವಲ್ಪ ಹೋಗಿ ಉರಿ ತಗ್ಗಿಸಿ. ಗಂಜಿ ಬಸಿದು ಬನ್ನಿ."

ಅರಸು ಹೋಗು ಎಂದು ಕೈಬೀಸಿದ. ಅವನಿಗೂ ಹಸಿವಾಗಿತ್ತು. ಮಂತ್ರಿ ಹೋದ, ಬೆರಳು ಸುಟ್ಟುಕೊಂಡು ಬಂದ.

ತುಂಗಕ್ಕನೂ ಸುಮ್ಮನಿದ್ದವಳಲ್ಲ. ನಿಮ್ಮ ದೋಣಿಯ ಹಗ್ಗ ಬಿಚ್ಚಿಹೋಗಿದೆ, ದೋಣಿ ಕಡಲಿಗೆ ಹೋಗುತ್ತಿದೆ ಎಂದಳು. ಅರಸು ಅರ್ಧ ಎದ್ದೇಬಿಟ್ಟಿದ್ದ. ಮಂತ್ರಿ ಸುಟ್ಟ ಕೈಯಿಂದಲೇ ಅವನ ಹೆಗಲು ಹಿಡಿದು ಕೆಳಗೆ ಒತ್ತಿದ. ಅರಸನ ಹೆಗಲು ಮುಟ್ಟಿದವನ ತಲೆ ಹೋಗಬೇಕು ಎಂದು ಕಾನೂನಿತ್ತಂತೆ. ಆದರೆ ತಲೆ ತೆಗೆಯಲು ಹೇಳುವವನು ಎದ್ದು ನಿಂತು ಹೇಳಬೇಕು, ಅವನು ಏಳುವಂತಿರಲಿಲ್ಲ. ಹಾಗಾಗಿ ಅದು ಅಲ್ಲಿಗೇ ನಿಂತಿತು.

ದಿನ ಕಳೆದಂತೆ ಅರಸನಿಗೆ ಮಾಡಲು ಏನೂ ಇರಲಿಲ್ಲ. ಒಂದು ದಿನ ತಟ್ಟೆಯಲ್ಲಿದ್ದುದನ್ನು ಅಗಿದು ನುಂಗಿ, ಇದು ಯಾವುದು, ಇಷ್ಟು ರುಚಿಯಾಗಿದೆ ಎಂದು ಕೇಳಿದನಂತೆ. ಕುಚ್ಚಲಕ್ಕಿ ಅನ್ನ, ಹುಟ್ಟಿದಾಗಿನಿಂದ ತಿನ್ನುತ್ತಿದ್ದೀರಿ ಎಂದರು. ಇನ್ನು ಉಳಿದದ್ದು ಎದುರಿನ ಚಿಪ್ಪು ನೋಡುವುದು. ನೋಡಿದ. ಕೆಂಪು ಗೆರೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಹುಡುಕಿದ. ಸುತ್ತಿಕೊಂಡು ಸುತ್ತಿಕೊಂಡು ಒಳಗೆ ಹೋದ ಗೆರೆ ಮುಗಿಯುವುದು ಕಾಣಲಿಲ್ಲ. ಬಿಸಿಲು ಸರಿದು ಚಿಪ್ಪಿನ ಮೇಲೆ ಬಿತ್ತು. ಅರಸು ತನ್ನ ತಲೆಯ ಮೇಲಿದ್ದ ಬೆಳ್ಗೊಡೆಯನ್ನು ಹಲಗೆಯ ಮೇಲೆ ಹಿಡಿಯಲು ಹೇಳಿದ. ಯಜಮಾನರು ನೆರಳಿನಲ್ಲಿ, ಅರಸು ಬಿಸಿಲಿನಲ್ಲಿ.

"ತುಂಗಕ್ಕಾ, ಒಳಗೆ ಉಸಿರಾಡುತ್ತಾರೋ?"

"ಆಡುತ್ತಾರೆ, ಒಡೆಯಾ. ನಮ್ಮ ಹಾಗೆ ಸದ್ದು ಮಾಡಿಕೊಂಡು ಅಲ್ಲ."

"ಹಸಿವಾಗುವುದಿಲ್ಲವೋ?"

"ಆಗಬಹುದು. ಹೇಳಿಕೊಳ್ಳುವ ಜಾತಿಯಲ್ಲ."

ಅರಸು ತನ್ನ ಬದಿಯ ಬಸಳೆ ಬಾಡಿದೆ, ಹೊಸತು ತನ್ನಿ, ಅವಳ ಹರಿವೆಯನ್ನೂ ಬದಲಿಸಿ ಎಂದ. ಎದುರಾಳಿಯ ಸೊಪ್ಪನ್ನು ಬದಲಿಸುವ ಅರಸನನ್ನು ಮಂತ್ರಿ ಎಂದೂ ಕಂಡಿರಲಿಲ್ಲ. ಅವನು ತಲೆ ಚಚ್ಚಿಕೊಂಡ.

ಹೀಗಿರುವಾಗ ಒಂದು ಮಧ್ಯಾಹ್ನ ಕಡಲಿನ ಕಡೆಯಿಂದ ಮೋಡ ಬಂತು. ಹೊನ್ನೆಯ ಎಲೆ ಮಗುಚಿತು. ದೊಡ್ಡ ದೊಡ್ಡ ಹನಿ ಬಿತ್ತು. ಆಮೇಲೆ ಕೊಡೆಯ ಬಟ್ಟೆ ಹರಿಯುವಂತೆ ಮಳೆ ಸುರಿಯಿತು. ಒಬ್ಬರೂ ಅಲ್ಲಾಡಲಿಲ್ಲ. ಚಿಪ್ಪಿನ ಬಾಯಿಯ ಬಿಳಿ ಪೊರೆ ನೆನೆಯಿತು, ಮೆತ್ತಗಾಯಿತು, ಉದುರಿತು. ಒಂದು ಕೊಂಬು ಬಂತು. ಎರಡನೆಯ ಕೊಂಬು ಬಂತು. ಬಂದರು ಬಂದರು ಎಂದು ಅರಸು ಮೆಲ್ಲನೆ ಹೇಳಿದನಂತೆ, ತೊಟ್ಟಿಲಲ್ಲಿ ಮಗು ಎದ್ದಾಗ ಹೇಳುವ ಹಾಗೆ.

ಅಷ್ಟರಲ್ಲಿ ತುಂಗಕ್ಕನಿಗೆ ತನ್ನ ಕಾಲಬುಡದಲ್ಲಿ ಏನೋ ಕಂಡಿತು. ಹಲಗೆಯ ಮೇಲೆ ಬೆಳ್ಳನೆಯ ಗೆರೆಯೊಂದು ಮಳೆಗೆ ಕರಗುತ್ತಿತ್ತು. ಹಲಗೆ ಅರಸನ ಕಡೆಗೆ ಸ್ವಲ್ಪ ಇಳಿಜಾರು. ಕರಗಿದ ನೀರು ಸೀದಾ ಯಜಮಾನರ ಕಡೆ ಹರಿಯತೊಡಗಿತ್ತು. ಬೆರಳು ಅದ್ದಿ ನಾಲಿಗೆಗೆ ಇಟ್ಟಳು.

"ಉಪ್ಪು," ಎಂದಳು. "ಅಯ್ಯೋ, ಉಪ್ಪುನೀರು ಬರುತ್ತಿದೆ, ಕರಗಿ ಹೋಗುತ್ತಾರೆ."

ವ್ಯಾಜ್ಯ, ಕುದ್ರು, ಸೋಲು, ಗೆಲುವು ಒಂದೂ ಅವಳ ನೆನಪಿನಲ್ಲಿ ಉಳಿಯಲಿಲ್ಲ. ಏಳಲು ಹೋದಳು. ಇಷ್ಟು ದಿನ ಕೂತು ಕೂತು ಎರಡು ಕಾಲೂ ಸೊಂಟದವರೆಗೆ ಜೋಮು ಹಿಡಿದಿತ್ತು. ಮೇಲೆದ್ದದ್ದು ಅವಳ ಕೈ ಮಾತ್ರ. ಕಾಲು ಅವಳ ಮಾತನ್ನು ಕೇಳಲೇ ಇಲ್ಲ.

ಎದ್ದವನು ಅರಸು. ಮಣೆ ಒಂದು ಕಡೆ, ಕಿರೀಟ ಒಂದು ಕಡೆ. ಒಂದೇ ನೆಗೆತಕ್ಕೆ ಹೋಗಿ, ನೀರು ಮುಟ್ಟುವ ಮೊದಲು ಯಜಮಾನರನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡ. ಇನ್ನೊಂದು ಕೈಯನ್ನು ಮೇಲೆ ಮುಚ್ಚಿ ಹಿಡಿದು ನಿಂತ.

ಕೊಗ್ಗಣ್ಣ ಗಂಟಲು ಸರಿಮಾಡಿಕೊಂಡ.

"ಒಡೆಯಾ, ಎದ್ದಿರಿ."

ಮಂತ್ರಿ ಓಡಿಬಂದು ನಡುವೆ ನಿಂತ. ಎದ್ದರೇನಂತೆ, ಹುಳು ಈಗ ಯಾರ ಕೈಯಲ್ಲಿದೆ, ಅರಸರನ್ನು ಮುಟ್ಟಿದೆಯೋ ಇಲ್ಲವೋ, ಯಾರನ್ನು ಮುಟ್ಟಿತೋ ಅವರಿಗೆ ಗೆಲುವು ಎಂದವರು ನೀವೇ ಅಲ್ಲವೋ ಎಂದು ವಾದ ಹೂಡಿದ. ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟವಾಗಿತ್ತು. ಅರಸು ಹೂಂ ಎಂದರೆ ಕುದ್ರು ಅವನದ್ದು, ನಾಳೆಯಿಂದ ಕೊಡಲಿ ಬೀಳುತ್ತದೆ. ತುಂಗಕ್ಕ ಮಣೆಯ ಮೇಲೆ ಕೂತೇ ಅರಸನ ಬಾಯಿ ನೋಡಿದಳು.

ಅರಸು ಆತುರಪಡಲಿಲ್ಲ. ಯಜಮಾನರು ಅಂಗೈಯಿಂದ ಮಣಿಕಟ್ಟಿಗೆ ಹರಿದರು, ಹಿಂದೆ ಬೆಳ್ಳಿಯಂಥ ಗೆರೆ ಬಿಟ್ಟರು. ಅದನ್ನು ಕೊನೆಯವರೆಗೆ ನೋಡಿದ. ಆಮೇಲೆ ಹೇಳಿದ:

"ನಾನು ಎದ್ದದ್ದು ಮೊದಲು. ಅವರು ಮುಟ್ಟಿದ್ದು ಆಮೇಲೆ. ಎದ್ದವನು ಸೋತ. ಕುದ್ರು ಅವರದ್ದು, ಇಲ್ಲಿ ಉಪ್ಪಿನ ಪಾತಿ ಆಗುವುದಿಲ್ಲ. ಈಗ ಹೇಳು ಮಂತ್ರಿ, ಹಲಗೆಗೆ ಉಪ್ಪು ಎಲ್ಲಿಂದ ಬಂತು?"

ಮಂತ್ರಿ ತನ್ನ ಸೊಂಟದ ಚೀಲವನ್ನು ಮರೆಮಾಡಲು ಹೋದ. ಚೀಲದಿಂದ ಉಪ್ಪುನೀರು ಇಳಿದು ಧೋತರದ ಮೇಲೆಲ್ಲ ಹರಿಯುತ್ತಿತ್ತು. ಅರಸು ಬೇರೆ ಶಿಕ್ಷೆ ಕೊಡಲಿಲ್ಲ. ಆ ಹಲಗೆಯನ್ನು ಮಂತ್ರಿಯೇ ತೊಳೆಯಬೇಕು, ತೊಳೆದು ಎಲ್ಲಿಯೂ ಉಪ್ಪಿಲ್ಲ ಎಂದು ನಾಲಿಗೆ ಇಟ್ಟು ನೋಡಿ ಹೇಳಬೇಕು, ಒಂದು ಗೇಣೂ ಬಿಡಬಾರದು ಎಂದ. ಹಲಗೆ ಉದ್ದವಾಗಿತ್ತು ಎಂದು ಮೊದಲೇ ಹೇಳಿದ್ದೇನೆ.

ಊರಿನವರು ತುಂಗಕ್ಕನ ಸುತ್ತ ಸೇರಿದರು. ಎಂಥ ಗಟ್ಟಿ ಮನಸ್ಸು, ಯಜಮಾನರ ಜೀವ ಹೋಗುವ ಹೊತ್ತಿನಲ್ಲೂ ಊರಿಗಾಗಿ ಕಲ್ಲಿನಂತೆ ಕೂತಳಲ್ಲ ಎಂದು ಹೊಗಳಿದರು. ಇವಳನ್ನು ನಾವು ತಪ್ಪು ತಿಳಿದುಕೊಂಡಿದ್ದೆವು ಎಂದು ಕೊಗ್ಗಣ್ಣ ಕಣ್ಣೊರೆಸಿಕೊಂಡ. ತುಂಗಕ್ಕ ಗಂಭೀರವಾಗಿ ತಲೆಯಾಡಿಸಿದಳು. ಸ್ವಲ್ಪ ಹೊತ್ತು ಹೀಗೇ ಕೂತಿರುತ್ತೇನೆ, ನನಗೇನೂ ಅವಸರವಿಲ್ಲ ಎಂದಳು. ಜೋಮು ಇಳಿದು, ಕಾಲಿಗೆ ಇರುವೆ ಹರಿದಂತಾಗಿ, ಮೆಲ್ಲಗೆ ಕುಂಟುತ್ತ ಮನೆಗೆ ಹೋದಾಗ ಮಳೆ ನಿಂತಿತ್ತು. ಜೋಮಿನ ವಿಷಯವನ್ನು ಅವಳು ಬದುಕಿರುವವರೆಗೆ ಯಾರಿಗೂ ಹೇಳಲಿಲ್ಲವಂತೆ.

ಅರಸು ವರ್ಷಕ್ಕೊಮ್ಮೆ ಮಳೆಗಾಲದಲ್ಲಿ ಕುದ್ರುವಿಗೆ ಬರುತ್ತಿದ್ದ. ವ್ಯಾಜ್ಯವೇನೂ ಇರುತ್ತಿರಲಿಲ್ಲ, ಹೊನ್ನೆಯ ಬುಡದಲ್ಲಿ ಮಣೆ ಹಾಕಿಸಿಕೊಂಡು ಸುಮ್ಮನೆ ಕೂರುತ್ತಿದ್ದ. ತುಂಗಕ್ಕ ಎದುರಿಗೆ ಹಗ್ಗ ಹೊಸೆಯುತ್ತ ಹಿಂದೆ ಹಿಂದೆ ನಡೆಯುತ್ತ, ಅರಮನೆಯ ಹೆಂಗಸರು ಈ ಸಲ ಎಂಥ ಅಂಚು ಉಟ್ಟರು ಎಂದು ಕೇಳುತ್ತಿದ್ದಳು. ಅವನು ಸರಿಯಾಗಿ ನೋಡಿಕೊಂಡು ಬಂದಿರುತ್ತಿದ್ದ. ಮುಂದೆ ಅವಳು ಒಂದು ಬಾಳೆಗೊನೆಗಾಗಿ ವ್ಯಾಜ್ಯಕ್ಕೆ ಕೂತಳಂತೆ. ಮಣೆ ಬಿಸಿಯಾಗುವ ಮೊದಲೇ ಎದ್ದಳು. ಗೊನೆ ಹೋಯಿತು.

ಅವರು ಅಲ್ಲಿ ಹೊನ್ನೆಯ ನೆರಳಿನಲ್ಲಿ, ನಾವು ಇಲ್ಲಿ ನಮ್ಮ ಚಾಪೆಯ ಮೇಲೆ. ಕಥೆ ತನ್ನ ತುದಿ ಮುಟ್ಟಿತು. ಇನ್ನು ಏಳಬಹುದು.